ಸಾಧು ಮಗು

ಅಳುವ ಮಗುವನ್ನು ಸಮಾಧಾನ ಮಾಡುವವರು ಎಲ್ಲ ಊರಿನಲ್ಲೂ ಇದ್ದಾರೆ. ತಾಯಲೂರಿನಲ್ಲಿ ನಮ್ಮ ಪಕ್ಕದ ಮನೆಯ ಮುನೆಮ್ಮಜ್ಜಿ ಮಾತ್ರ ಸುಮ್ಮನೆ ಮಲಗಿದ ಕೂಸಿನ ಅಂಗಾಲಿಗೆ ಉಗುರಿನಿಂದ ತಟ್ಟಿ ಅಳಿಸುತ್ತಿದ್ದಳು. ಅತ್ತರೆ, "ಹ್ಞೂಂ, ಇದು ನಮ್ದೇ" ಎಂದು ಎದ್ದು ಹೋಗುವಳು. ಬಾಣಂತಿಯರು ಅವಳನ್ನು ಕಂಡರೆ ಬಾಗಿಲು ಎಳೆದುಕೊಳ್ಳುತ್ತಿದ್ದರು.

ಬಾಣಂತನಕ್ಕೆ ತವರಿಗೆ ಬಂದ ನನಗೆ ಹಾಲು ಸಾಲುತ್ತಿರಲಿಲ್ಲ. ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ಎಲ್ಲ ತಿಂದದ್ದಾಯಿತು. ಮುಳಬಾಗಿಲಿನ ಡಾಕ್ಟರು, ಪ್ರತಿ ಸಲ ಮೊದಲು ಎದೆಹಾಲು ಕುಡಿಸಿ, ಸಾಲದ್ದಕ್ಕೆ ಡಬ್ಬಿ ಹಾಲು ಕೊಡಿ ಎಂದಿದ್ದರು. ಡಬ್ಬಿಯೂ ಬಂತು. ಬಂದವರು ಕಂಡರೆ ಆಡಿಕೊಳ್ಳುತ್ತಾರೆಂದು ಅಮ್ಮ ಅದನ್ನು ಅಕ್ಕಿ ಡ್ರಮ್ಮಿನ ಹಿಂದೆ ತಳ್ಳಿದಳು; ಅದರ ಮುಚ್ಚಳ ತೆಗೆಯಲೇ ಇಲ್ಲ. ಮಗಳು ಬರಬರುತ್ತಾ ಮೆತ್ತಗಾಗಿ ಅಳುವುದನ್ನೇ ಬಿಟ್ಟಳು. "ಎಷ್ಟು ಸಾಧು ನಮ್ ಪಾಪ" ಎಂದು ಅಮ್ಮ ಹಿಗ್ಗಿದಳು.

ಒಂದು ಮಧ್ಯಾಹ್ನ ಅಜ್ಜಿ ಕರೆಯದೆಯೇ ಒಳಗೆ ಬಂದಳು. ಮಗಳ ಅಂಗಾಲಿಗೆ ತಟ್ಟಿದಳು, ಮತ್ತೆ ತಟ್ಟಿದಳು. ಮಗು ಕಣ್ಣೂ ತೆರೆಯಲಿಲ್ಲ. ಅಜ್ಜಿಯ ಮುಖ ನೋಡಿ ನಾನು ಮಗುವನ್ನು ಎತ್ತಿ ಎದೆಗವಚಿಕೊಂಡೆ.

"ಸಾಧು ಅಲ್ಲಮ್ಮ ಇದು, ಅಳೋಕೆ ತ್ರಾಣ ಇಲ್ಲ. ನನ್ ಮಗಾನೂ ಹಿಂಗೇ ಸಾಧುವಾಗಿದ್ದ. ಎಲ್ರೂ ಹೊಗಳ್ತಾ ಇದ್ರು. ಹೆಸರಿಡೋವರ್ಗೂ ಉಳೀಲಿಲ್ಲ."

"ಡಬ್ಬಿ ಕೊಟ್ರೆ ನನ್ ಹಾಲು ಬಿಟ್ಬಿಡುತ್ತಂತಲ್ಲ ಅಜ್ಜಿ?"

"ಯಾಕ್ ಬಿಡುತ್ತೆ? ತೆಲುಗಲ್ಲಿ ಪಾಲು ಅಂದ್ರೆ ಹಾಲು, ಕನ್ನಡದಲ್ಲಿ ಪಾಲು ಅಂದ್ರೆ ಭಾಗ. ಮೊದ್ಲು ನಿನ್ ಪಾಲು, ಆಮೇಲೆ ಡಬ್ಬಿ ಪಾಲು. ಇಬ್ರೂ ಸೇರಿ ಸಾಕ್ರಿ. ಈಗ ಆಸ್ಪತ್ರೆಗೆ ನಡಿ."

ಆಟೋ ಹಿಡಿದು ಮುಳಬಾಗಿಲಿಗೆ ಓಡಿದೆವು. ಡಾಕ್ಟರು ಬೈದರು, ಮಗುವನ್ನು ಉಳಿಸಿಕೊಟ್ಟರು. ಅಲ್ಲಿಂದ ಮುಂದೆ ಪ್ರತಿ ಸಲ ಮೊದಲು ಎದೆಗೆ ಹಾಕಿಕೊಂಡು, ಆಮೇಲೆ ಕುದಿಸಿದ ನೀರಿಗೆ ಹೇಳಿದಷ್ಟೇ ಪುಡಿ ಕಲಸಿ ಕುಡಿಸಿದೆ. ನನ್ನ ಹಾಲು ನಿಲ್ಲಲಿಲ್ಲ. ಮಗಳ ಅಳು ಬೀದಿಗೆಲ್ಲ ಕೇಳತೊಡಗಿತು. ಅಷ್ಟು ಇಂಪಾದ ಸದ್ದನ್ನು ನಾನು ಬೇರೆ ಕೇಳಿಲ್ಲ.

ಅಜ್ಜಿ ಈಗಿಲ್ಲ. ಅವಳನ್ನು ಕೊನೆಯ ಸಲ ಕಂಡದ್ದು, ಗಂಡನ ಕಾರ್ಖಾನೆ ಇರುವ ನರಸಾಪುರಕ್ಕೆ ನಾನು ಹೊರಟ ದಿನ. ಮಗಳು ಅವಳ ತೊಡೆಯ ಮೇಲೆ ಒಂದೇ ಸಮನೆ ಚೀರುತ್ತಿದ್ದಳು. ಎತ್ತಿಕೊಳ್ಳಲು ಹೋದರೆ ಅಜ್ಜಿ ಬಿಡಲಿಲ್ಲ. ಯಾರೂ ಇಲ್ಲದ ಹೊಸ್ತಿಲ ಕಡೆ ತಿರುಗಿ, ಮೆತ್ತಗೆ ಹೇಳಿದಳು:

"ಇವಳು ಬರಲ್ಲ ಕಣೋ. ನೀನೊಬ್ನೇ ಆಡ್ಕೋ ಹೋಗು."