ಸಕ್ಕರೆ ಬೇಡ, ಚಹಾ ಬೇಕು

ಬೆಳಗಿನ ಆರೂವರೆ. ಶಹಾಪುರ–ಸುರಪುರ ರಸ್ತೆಗೆ ಹತ್ತಿಕೊಂಡಿರುವ ಬನ್ನಿಗೇರಾದಲ್ಲಿ ಖಾಸಿಂಬೀ ಒಲೆಯ ಮುಂದೆ ಕೂತು ಸಕ್ಕರೆ ಡಬ್ಬಿಗೆ ಕೈ ಹಾಕಿದ್ದಾರೆ. ಹೊಸ್ತಿಲ ಆಚೆಯಿಂದಲೇ ಕೂಗು ಬರುತ್ತದೆ.

"ಏ ಖಾಸಿಂಬೀ, ಕೈ ತಗಿ! ನನ್ನ ಪಾಲಿಂದು ಮೊದಲ ಸೋಸು. ಆಮ್ಯಾಲ ನಿನಗ ಬೇಕಾದಷ್ಟು ಹಾಕ್ಕೋ."

ಗುಲಾಬಿ ಸೀರೆ, ಹೆಗಲಿಗೆ ಚೀಲ. ಕೂಗಿದವರು ಊರಿನ ಆಶಾ ಕಾರ್ಯಕರ್ತೆ ಮಲ್ಲಾಬಾಯಿ. ಖಾಸಿಂಬೀ, ಮಲ್ಲಾಬಾಯಿಯ ಕೆಲಸ ನೋಡಲು ಬಂದಿರುವ ನನ್ನತ್ತ ತಿರುಗಿ, "ಈಕಿ ಕೂಸಿನ ತೂಕ ನೋಡಾಕ ಬರಂಗಿಲ್ರಿ, ನನ್ನ ಸಕ್ರಿ ಡಬ್ಬಿ ಕಾಯಾಕ ಬರ್ತಾಳ" ಎಂದು ದೂರು ಹೇಳುತ್ತಾರೆ. ಹೇಳುತ್ತಲೇ ಸಕ್ಕರೆ ಇಲ್ಲದ ಚಹಾ ಸೋಸಿ ಕೊಡುತ್ತಾರೆ. ನನಗೂ ಅದೇ ಬರುತ್ತದೆ. ಸಕ್ಕರೆ ಕೇಳುವ ಧೈರ್ಯ ನನಗಿಲ್ಲ.

ನಲವತ್ತಾರರ ಮಲ್ಲಾಬಾಯಿ ಈ ಕೆಲಸಕ್ಕೆ ಸೇರಿ ಹನ್ನೆರಡು ವರ್ಷ. ಅವರ ಪಾಲಿಗೆ ಇನ್ನೂರ ಹತ್ತು ಮನೆ, ದಿನಕ್ಕೆ ಹನ್ನೆರಡು ಹದಿನೈದು ಮನೆಯ ಸುತ್ತು. ನಮ್ಮ ಕಡೆ ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವಂತಿಲ್ಲ. ಕೊಟ್ಟ ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಮನೆತನದ ಮರ್ಯಾದೆಯೇ ಕಡಿಮೆಯಾದಂತೆ. ಹಾಲು, ಪುಡಿ, ಸಕ್ಕರೆ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕಾಸುವುದು ರೂಢಿ. ದಿನಕ್ಕೆ ಹತ್ತು ಚಹಾ ಎಂದರೂ ಇಪ್ಪತ್ತು ಚಮಚ ಸಕ್ಕರೆ ಅವರ ಹೊಟ್ಟೆ ಸೇರುತ್ತಿತ್ತು. ಅದನ್ನು ಕುಡಿಯುತ್ತಲೇ ಅವರು ಮನೆಮನೆಗೂ ಸಿಹಿ ಕಡಿಮೆ ಮಾಡಿ ಎಂದು ಬೋಧಿಸುತ್ತಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಅದೇ ಕಥೆ.

ನಾಲ್ಕು ವರ್ಷದ ಹಿಂದೆ ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರವೊಂದರಲ್ಲಿ ಅವರ ಬೆರಳಿಗೂ ಸೂಜಿ ಚುಚ್ಚಿದರು. ಇನ್ನೂರ ಎಂಬತ್ತಾರು ಬಂತು. ಮರುದಿನದಿಂದಲೇ ಮಲ್ಲಾಬಾಯಿ ಎಲ್ಲರ ಮನೆಯಲ್ಲೂ ಚಹಾ ಬೇಡ ಅನ್ನತೊಡಗಿದರು. ಮೇಲಿನ ಓಣಿಯವರು ಗೊಣಗಿ ಸುಮ್ಮನಾದರು. ದಲಿತರಿರುವ ಕೆಳಗಿನ ಓಣಿಯ ಮರಿಲಿಂಗಮ್ಮ ಸುಮ್ಮನಾಗಲಿಲ್ಲ.

ಮರಿಲಿಂಗಮ್ಮನದು ಬೌದ್ಧ ಕುಟುಂಬ, ಕೂಲಿ ಕೆಲಸ. ಸೊಸೆ ಶಿವಾನಿಗೆ ಆಗ ಏಳು ತಿಂಗಳು, ಕಾಲು ಬಾತಿದ್ದವು, ಬಿಪಿ ಏರುತ್ತಿತ್ತು. ಮಲ್ಲಾಬಾಯಿ "ಶುಗರ್ ಬಂದದವ್ವ, ಚಹಾ ಒಲ್ಲೆ" ಎಂದದ್ದೇ ತಡ, ಮರಿಲಿಂಗಮ್ಮ ತುಂಬಿದ ಲೋಟವನ್ನು ಅಂಗಳಕ್ಕೆ ಚೆಲ್ಲಿದರು.

"ಅಕ್ಕಾರ, ಹಿಂದ ಹೊಟ್ಟಿ ತುಂಬಿರ್ತಿತ್ತು, ಈಗ ಶುಗರ್ ಬಂತು. ನಮ್ಮ ಮನಿ ಮುಂದ ಬಂದಾಗೇ ನಿಮಗ ಏನಾರ ಒಂದು ಬರ್ತದ. ನಮ್ಮ ಸೊಸಿನ್ನ ನಾವೇ ನೋಡ್ಕೋತೀವಿ, ಹೋಗ್ರಿ."

ಬಾಗಿಲು ಹಾಕಿಕೊಂಡಿತು. ಮೂರು ವಾರ ತೆರೆಯಲಿಲ್ಲ. ಶಿವಾನಿಯ ಗುಳಿಗೆ ಮಲ್ಲಾಬಾಯಿಯ ಚೀಲದಲ್ಲೇ ಉಳಿದವು.

ಇಲ್ಲಿ ಮಲ್ಲಾಬಾಯಿ ತಮ್ಮನ್ನು ಸಮರ್ಥಿಸಿಕೊಳ್ಳಬಹುದಿತ್ತು. ಶುಗರ್ ನಿಜ, ಚೀಟಿಯೂ ಇತ್ತು. ಆದರೆ ಅವರು ನನಗೆ ಹೇಳಿದ್ದು ಬೇರೆ, ಮತ್ತು ಈ ಹೆಂಗಸಿನ ಮೇಲೆ ನನಗೆ ಗೌರವ ಹುಟ್ಟಿದ್ದೂ ಆಗಲೇ.

"ಆಕಿ ಅಂದದ್ದರಾಗ ಸುಳ್ಳ ಇರಲಿಲ್ರಿ. ಮೊದಲ ಎಂಟು ವರ್ಷ ಆ ಓಣ್ಯಾಗ ನಾ ಹನಿ ನೀರು ಮುಟ್ಟಿದಾಕಿ ಅಲ್ಲ. 'ಈಗ ಕುಡದು ಬಂದೀನವ್ವ' ಅಂತಿದ್ದೆ. ಮ್ಯಾಲಿನ ಓಣ್ಯಾಗ ಹುಟ್ಟಿದಾಕಿ ನೋಡ್ರಿ, ಕೈ ಮುಂದ ಬರ್ತಿರಲಿಲ್ಲ. ಎಂಟು ವರ್ಷ ಸುಳ್ಳ ಹೇಳಿದಾಕಿ ಒಂದಿನ ಖರೇ ಹೇಳಿದ್ರ ಯಾರ ನಂಬ್ತಾರ?"

ನಾಲ್ಕನೇ ವಾರ ಅವರು ಮರಿಲಿಂಗಮ್ಮನ ಕಟ್ಟೆಯ ಮೇಲೆ ಹೋಗಿ ಕೂತೇಬಿಟ್ಟರು. ಓಣಿಯ ಮಂದಿ ನೋಡುತ್ತ ನಿಂತರು. "ಶುಗರ್ ಇರೋದೂ ಖರೇ, ಹಿಂದ ಕುಡೀಲಾರದ್ದು ಯಾತಕ್ಕಂತ ನಿನಗ ಗೊತ್ತಿರೋದೂ ಖರೇ. ತಪ್ಪಾತು. ಸಕ್ರಿ ಹಾಕಲಾರದ ಚಹಾ ಕಾಸವ್ವ, ನೀ ಕುಡಿಯೋ ಲೋಟದಾಗೇ ಕೊಡು."

ಮರಿಲಿಂಗಮ್ಮ ಬಾಗಿಲು ತೆರೆದರಂತೆ. ಆಮೇಲೆ ಒಲೆ ಹಚ್ಚಿದರು.

"ಕಹಿ ಇತ್ರಿ, ಬೇವಿನ ಕಷಾಯ ಇದ್ದಂಗ. ಅರ್ಧಕ್ಕ ಬಿಟ್ರ ಮತ್ತೊಂದು ಅರ್ಥ ಆಗ್ತದಂತ ತಳದ ತನಕ ಕುಡದೆ."

ಲೋಟ ಕೆಳಗಿಟ್ಟ ಗಳಿಗೆಯಲ್ಲೇ ಶಿವಾನಿ ಆಟೊ ಹತ್ತಿದರು. ಶಹಾಪುರದ ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ ನೂರ ಎಪ್ಪತ್ತು ದಾಟಿತ್ತು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ಅವಧಿಗೆ ಮೊದಲೇ ಹುಟ್ಟಿದ ಹೆಣ್ಣುಮಗು ಈಗ ಅಂಗನವಾಡಿಗೆ ಹೋಗುತ್ತದೆ, ಯಾರ ಮಾತನ್ನೂ ಕೇಳುವುದಿಲ್ಲ.

ಕೆಳಗಿನ ಓಣಿಯ ಆ ಒಂದು ಲೋಟದಿಂದ ಮಲ್ಲಾಬಾಯಿಗೆ ಕೆಲಸದ ದಾರಿಯೂ ಸಿಕ್ಕಿತು. ಅಂದಿನಿಂದ ಅವರು ಯಾರ ಮನೆಯಲ್ಲೂ ಚಹಾ ಬೇಡ ಅನ್ನುವುದಿಲ್ಲ, ಸಕ್ಕರೆ ಮಾತ್ರ ಬೇಡ ಅನ್ನುತ್ತಾರೆ. ಅವರಿಗಾಗಿ ಮೊದಲು ಬರೀ ಚಹಾ ಕಾಸಬೇಕು, ಉಳಿದವರು ತಮ್ಮ ಲೋಟಕ್ಕೆ ತಾವೇ ಚಮಚದಲ್ಲಿ ಹಾಕಿಕೊಳ್ಳಬೇಕು. ಪದ್ಧತಿ ಬದಲಾದದ್ದು ಹೀಗೆ, ಭಾಷಣದಿಂದಲ್ಲ. "ಪಾತೇಲ್ಯಾಗ ಸುರುವಿದಾಗ ಎಷ್ಟಂತ ಯಾರಿಗೂ ಕಾಣಂಗಿಲ್ರಿ. ತಮ್ಮ ಲೋಟಕ್ಕ ಮೂರನೇ ಚಮಚ ಹಾಕುವಾಗ ಕೈಗೇ ನಾಚಿಕಿ ಬರ್ತದ" ಎನ್ನುತ್ತಾರೆ. ಈಗ ನೂರ ಮೂವತ್ತು ಮನೆಗಳಲ್ಲಿ ಸಕ್ಕರೆ ಪಾತ್ರೆಗೆ ಬೀಳುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಬೆಳಿಗ್ಗೆ ಸಿಹಿ ಚಹಾದಲ್ಲಿ ಬ್ರೆಡ್ ಅದ್ದಿ ಕೊಡುತ್ತಿದ್ದವರು ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕೊಡುತ್ತಿದ್ದಾರೆ. ಹಬ್ಬದ ಹೋಳಿಗೆಗೆ ಮಲ್ಲಾಬಾಯಿ ಅಡ್ಡಬರುವುದಿಲ್ಲ. ಅಷ್ಟು ವ್ಯವಹಾರಜ್ಞಾನ ಅವರಿಗುಂಟು.

ಹೊರಡುವ ಮುಂಚೆ ನಿಮಗೇನು ಆಸೆ ಎಂದು ಕೇಳಿದೆ. "ಒಂದಿತ್ರಿ. ಹೋದ ತಿಂಗಳ ತೀರಿತು" ಎಂದರು.

ಮರಿಲಿಂಗಮ್ಮ ಮೇಲಿನ ಓಣಿಗೆ ಬಂದರೆ ಇವರ ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. ಹೋದ ತಿಂಗಳು ಮಲ್ಲಾಬಾಯಿ ಕೈಹಿಡಿದು ಒಳಗೆ ಕರೆತಂದು ಪಡಸಾಲೆಯಲ್ಲಿ ಕೂರಿಸಿದರು. ಮಲ್ಲಾಬಾಯಿಯ ಎಪ್ಪತ್ತೆಂಟರ ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಕೂತರು. ಗಾಬರಿಯಲ್ಲಿ ಮಲ್ಲಾಬಾಯಿ ಕಾಸಿದ ಚಹಾಕ್ಕೆ ನೀರು ಹೆಚ್ಚಾಯಿತು. ಮರಿಲಿಂಗಮ್ಮ ಒಂದು ಗುಟುಕು ಕುಡಿದು, "ಸಕ್ರಿ ಬಿಡಂದ್ರಿ, ಬಿಟ್ಟೆ. ಹಾಲೂ ಬಿಡಬೇಕೇನ್ರಿ ಅಕ್ಕಾರ?" ಎಂದರು.

"ಅಷ್ಟಂದದ್ದೇ ತಡ, ನಮ್ಮತ್ತಿ ಈ ಕಡಿ ತಿರುಗಿದಳ್ರಿ. ಬೈದದ್ದು ಆಕಿಗಲ್ಲ, ನನಗ! 'ಮನಿಗೆ ಬಂದವರಿಗೆ ಇಂಥಾ ಚಹಾ ಕೊಡ್ತಾರೇನ? ಮನಿ ಮರ್ಯಾದಿ ಕಳದಿ' ಅಂದು ತಾನೇ ಎದ್ದು ಎರಡನೇ ಸಲ ಕಾಸಿದಳು, ಗಟ್ಟಿ ಹಾಲು ಹಾಕಿ." ಮಲ್ಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ. "ಸಕ್ರಿ ಡಬ್ಬಿಗೂ ಕೈ ಹಾಕಿದ್ದಳ್ರಿ. ಅದನ್ನ ಮಾತ್ರ ನಾ ಬಿಡಲಿಲ್ಲ."