ಕರಪತ್ರದಲ್ಲಿ ನನ್ನ ಮುಖ

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಎದುರಿಗಿರುವ ಹೋಟೆಲಿನಲ್ಲಿ ಕೂತಾಗ ಗೋಡೆಗೆ ತೂಗುಹಾಕಿದ ತಿಂಡಿಗಳ ಪಟ್ಟಿಯನ್ನು ನಾನು ಓದುವುದಿಲ್ಲ; ಪಕ್ಕದ ಟೇಬಲ್ಲಿನವರ ತಟ್ಟೆಯನ್ನು ನೋಡುತ್ತೇನೆ. ಅಪರಿಚಿತ ಮಹಾಶಯರೊಬ್ಬರು ಮಂಡಕ್ಕಿ ಒಗ್ಗರಣೆಯನ್ನು ಮಿರ್ಚಿಯ ಜೊತೆ ಧ್ಯಾನಸ್ಥರಾಗಿ ತಿನ್ನುತ್ತಿದ್ದರೆ ನನಗೂ ಅದೇ ಬೇಕು. ಅವರು ಮುಖ ಸಿಂಡರಿಸಿದರೆ ನನ್ನ ಹಸಿವೂ ಹಿಂದೆ ಸರಿಯುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ, ಸ್ವಂತ ಬುದ್ಧಿಯಿಂದ ಉತ್ತರ ಬರೆಯಿರೆಂದು ಮಕ್ಕಳನ್ನು ಗದರಿಸಿದವನ ಸ್ವಂತ ಬುದ್ಧಿಯ ಕಥೆ ಇದು. ನನ್ನ ಹೆಂಡತಿಯಂತೂ ಒಂದು ಸಲ ಎಲ್ಲರೆದುರಿಗೇ ಕೇಳಿಬಿಟ್ಟಳು: "ನಿಮ್ಮ ನಾಲಿಗಿ ಏನು ಬಾಡಿಗಿಗೆ ಕೊಟ್ಟೀರೇನ್ರಿ?"

ಆದರೆ ಓದುಗ ಮಿತ್ರರೇ, ನಿಮ್ಮೆದೆಯ ಮೇಲೆ ಕೈಯಿಟ್ಟು ಹೇಳಿ, ಯಾರ ಮಾತನ್ನೂ ಕೇಳದೆ ನೀವು ಆಯ್ದುಕೊಂಡದ್ದು ಏನಾದರೂ ಇದೆಯೇ? ನಾನು ಹಾಕುವ ಚಪ್ಪಲಿ, ನುಂಗುವ ಗುಳಿಗೆ, ಓದುವ ಪತ್ರಿಕೆ ಎಲ್ಲಕ್ಕೂ ಒಬ್ಬೊಬ್ಬ ಪುಣ್ಯಾತ್ಮನ ಶಿಫಾರಸು ಇದೆ. ಸ್ವತಃ ನಾನೇ ಒಂದು ಶಿಫಾರಸಿನ ಮಾಲು. ನನ್ನ ಮದುವೆಗೆ ಚಿಗಟೇರಿಯ ನನ್ನ ಸೋದರಮಾವ ಮುಂದೆ ನಿಂತಿದ್ದರು. "ಹುಡುಗ ಕುಡಿಯಲ್ಲ, ಸೇದಲ್ಲ, ಮಾತು ಒಂದೀಟು ಜಾಸ್ತಿ, ಅದನ್ನ ನೀವು ತಡ್ಕಬೇಕು" ಎಂದು ಹೆಣ್ಣಿನವರ ಪಡಸಾಲೆಯಲ್ಲಿ ನನ್ನ ಗುಣಾವಗುಣಗಳನ್ನು ಅವರೇ ವಿವರಿಸಿದ್ದು. ನಮ್ಮ ಕಡೆ ಹೀಗೆ ಮುಂದೆ ನಿಂತವರ ಕೆಲಸ ಅಕ್ಷತೆ ಬಿದ್ದೊಡನೆ ಮುಗಿಯುವುದಿಲ್ಲ. ಸಂಸಾರದಲ್ಲಿ ಸದ್ದೆದ್ದರೆ ಮೊದಲು ಕರೆ ಹೋಗುವುದು ಅವರಿಗೇ, ಅವರೂ ಬಂದು ಪಂಚಾಯ್ತಿಗೆ ಕೂರಲೇಬೇಕು. ಮಾವ ಬದುಕಿರುವವರೆಗೂ ವರ್ಷಕ್ಕೊಮ್ಮೆ ಬಂದು, ನನ್ನನ್ನು ಹೊರಗೆ ಕೂರಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಹೆಂಡತಿಯನ್ನು ಕೇಳುತ್ತಿದ್ದರು: "ಹೆಂಗ ನೋಡ್ಕಂತಾನವ್ವ?" ಅವಳೇನು ಹೇಳುತ್ತಿದ್ದಳೋ, ನನಗೆ ಈವರೆಗೂ ತಿಳಿದಿಲ್ಲ.

ಚುನಾವಣೆ ಬಂದರೆ ಕೂಡ್ಲಿಗಿಯಿಂದ ಹಡಗಲಿಯವರೆಗೆ ನಮ್ಮ ಸೀಮೆಯ ತುಂಬ ಇಂಥ ಮುಂದೆ ನಿಲ್ಲುವವರ ಸುಗ್ಗಿ. ಹಗರಿಬೊಮ್ಮನಹಳ್ಳಿಯ ವೇದಿಕೆಯ ಮೇಲೆ ಎಲ್ಲಿಂದಲೋ ಬಂದ ಗಣ್ಯರು ಅಭ್ಯರ್ಥಿಯ ಕೈಯನ್ನು ಹಿಡಿದೆತ್ತಿ, ಇವರನ್ನು ನಿಮ್ಮ ಮಡಿಲಿಗೆ ಹಾಕಿದ್ದೇವೆಂದು ಗದ್ಗದಿತರಾಗಿ, ಸಂಜೆಯೊಳಗೆ ಕಾರು ಹತ್ತಿ ಅಂತರ್ಧಾನರಾಗುತ್ತಾರೆ. ಮಡಿಲಿಗೆ ಬಿದ್ದ ಮಗು ಐದು ವರ್ಷ ಹೇಗೆ ನಡೆದುಕೊಂಡಿತೆಂದು ಕೇಳಲು ಅವರಲ್ಲೊಬ್ಬರೂ ಮರಳಿ ಬಂದದ್ದನ್ನು ನಾನು ಕಾಣೆ. ಅವರನ್ನು ಟೀಕಿಸುವ ಅಧಿಕಾರ ನನಗಿದೆಯೆಂದೇ ಬಹುಕಾಲ ನಂಬಿದ್ದೆ. ಆ ಅಧಿಕಾರ ಹೋದದ್ದು ಐದು ವರ್ಷದ ಹಿಂದಿನ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ನಮ್ಮ ವಾರ್ಡಿನ ಒಂದೇ ಸ್ಥಾನಕ್ಕೆ ನನ್ನ ಹಳೆಯ ವಿದ್ಯಾರ್ಥಿ ನಾಗರಾಜ ನಿಂತಿದ್ದ. ಬಂದವನೇ ಕಾಲಿಗೆ ಬಿದ್ದು, "ಸಾರ್, ನಿಮ್ಮದೊಂದು ಫೋಟೋ ಬೇಕು" ಎಂದ. ಅವನ ಬಗ್ಗೆ ನನಗೆ ತಿಳಿದಿದ್ದದ್ದು ಒಂದೇ: ಒಂಬತ್ತನೇ ಕ್ಲಾಸಿನಲ್ಲಿ ಹಳಗನ್ನಡ ಪದ್ಯವನ್ನು ತಡವರಿಸದೆ ಒಪ್ಪಿಸುತ್ತಿದ್ದ. ಗ್ರಾಮಾಡಳಿತಕ್ಕೆ ಇದಕ್ಕಿಂತ ಅರ್ಹತೆ ಬೇಕೇ ಎಂದುಕೊಂಡೆ! ಎರಡು ದಿನಕ್ಕೆ ಕರಪತ್ರ ಬಂತು. ಅದರಲ್ಲಿ ನನ್ನ ಮುಖ ಅಭ್ಯರ್ಥಿಯ ಮುಖಕ್ಕಿಂತ ದೊಡ್ಡದಾಗಿತ್ತು, ಕೆಳಗೆ 'ಪೂಜ್ಯ ಗುರುಗಳ ಬೆಂಬಲ' ಎಂಬ ಒಕ್ಕಣೆ. ಸುಳ್ಳೇಕೆ ಹೇಳಲಿ, ನಾಲ್ಕು ಪ್ರತಿ ಎತ್ತಿಟ್ಟುಕೊಂಡೆ.

ನಮ್ಮ ಮನೆಗೆ ಹಾಲು ಹಾಕುವ ಕೊಟ್ರಮ್ಮ ನಮ್ಮ ವಾರ್ಡಿಗೇ ಸೇರಿದ ಊರ ಕೊನೆಯ ಓಣಿಯವಳು. ಎರಡು ಎಮ್ಮೆ, ಸವೆದ ಮೊಣಕಾಲು, ಗಟ್ಟಿ ಗಂಟಲು ಅವಳ ಆಸ್ತಿ. ಅವಳು ಹಾಲು ಅಳೆಯುತ್ತ, "ಯಾರಿಗೆ ಹಾಕಾನ ಸಾರ್?" ಎಂದಾಗ ಕನ್ನಡಕ ಸರಿಪಡಿಸಿಕೊಂಡು, "ನಾಗರಾಜನಿಗೆ ಹಾಕು, ನಾನು ಹೇಳ್ತೀನಿ" ಎಂದೆ. ಅವಳು ಅಳತೆಯ ಪಾವನ್ನು ಕ್ಯಾನಿನೊಳಗೆ ಇಳಿಬಿಟ್ಟಳು. ಆಮೇಲೆ "ಆತು ಬಿಡ್ರಿ, ನೀವು ಓದಿದವ್ರು" ಎಂದು ಕ್ಯಾನು ಎತ್ತಿಕೊಂಡು ಹೋದಳು. ಅವಳ ಮನಸ್ಸು ಯಾರ ಕಡೆಗಿತ್ತೆಂದು ಕೇಳುವ ವಿವೇಕ ಪೂಜ್ಯ ಗುರುಗಳಿಗೆ ಇರಲಿಲ್ಲ.

ನಾಗರಾಜ ಗೆದ್ದ. ಬೇಸಿಗೆಗೆ ಕೊಟ್ರಮ್ಮನ ಓಣಿಯ ಬೋರಿನ ಮೋಟರು ಸುಟ್ಟಿತು. ಒಂದು ತಿಂಗಳಾಯಿತು, ಎರಡಾಯಿತು, ನೀರಿಲ್ಲ. ಒಂದು ಮುಂಜಾನೆ ನಾನು ಕಾಲು ಚಾಚಿ ಪತ್ರಿಕೆ ಓದುತ್ತಿದ್ದಾಗ, ಹಾಲಿನ ಕ್ಯಾನಿನ ಜೊತೆ ಖಾಲಿ ಕೊಡವನ್ನೂ ತಂದ ಕೊಟ್ರಮ್ಮ ಅದನ್ನು ನನ್ನ ಕುರ್ಚಿಯ ಪಕ್ಕದಲ್ಲಿ ಕುಕ್ಕಿದಳು.

"ಏಳ್ರಿ ಸಾರ್, ನಾಗರಾಜನ ಮನಿಗೆ ಹೋಗಾನ."

"ನಾನ್ಯಾಕಮ್ಮ? ಮೆಂಬರು ಅವನಲ್ಲವೇ?"

"ಅವನಿಗೆ ನಾ ಹಾಕಿಲ್ರಿ, ನಿಮ್ಮ ಮಾತಿಗೆ ಹಾಕೀನಿ. ನನ್ನ ಮನಸು ಅಂಜಿನಮ್ಮನ ಕಡಿಗಿತ್ತು. ಹೋದ ಬ್ಯಾಸಗಿಗೆ ಮೋಟರು ಸುಟ್ಟಾಗ ಅಕಿನೇ ಪಂಚಾಯ್ತಿ ಮುಂದ ಕುಂತು ಮಾಡಿಸಿದಾಕಿ. ನೀವು ಹೇಳಿದ್ರಿ ಅಂತ ಅಕಿನ್ನ ಬಿಟ್ಟೆ. ಮದುವಿ ಮಾಡ್ಸಿದವ್ರು ಸಂಸಾರ ಕೆಟ್ಟಾಗ ಬರಲ್ಲೇನು?"

ಪತ್ರಿಕೆ ಮಡಚಿಟ್ಟೆ. ಅಂಜಿನಮ್ಮ ಸೋತ ಇನ್ನೊಬ್ಬ ಅಭ್ಯರ್ಥಿ. ಅವಳ ಹೆಸರನ್ನು ಬಿಟ್ಟರೆ ನನಗೆ ಮತ್ತೇನೂ ಗೊತ್ತಿರಲಿಲ್ಲ. ನೀರು ಹೊತ್ತು ಹೊತ್ತು ಯಾರು ಕೆಲಸದವರು, ಯಾರು ಮಾತಿನವರೆಂದು ಕಂಡುಕೊಂಡಿದ್ದ ಹೆಂಗಸೊಬ್ಬಳು ತನ್ನ ತಿಳಿವಳಿಕೆಯನ್ನು ಪಕ್ಕಕ್ಕಿಟ್ಟು, ನಲ್ಲಿ ತಿರುಗಿಸಿದರೆ ನೀರು ಬರುವ ಮನೆಯವನ ಅಜ್ಞಾನವನ್ನು ನಂಬಿ ಓಟು ಹಾಕಿದ್ದಳು. ಛೆ, ನನ್ನ ಬಗ್ಗೆ ನನಗೇ ಅಷ್ಟು ನಾಚಿಕೆಯಾದದ್ದು ಅದೇ ಮೊದಲು. ಅಂಗಿ ತೊಟ್ಟು ಹೊರಟೆ.

ನಾಗರಾಜ ನನಗೆ ಕುರ್ಚಿ ಹಾಕಿ, ಚಹಾ ತರಿಸಿ, ಮಂಜೂರಾತಿ, ಮೇಲಧಿಕಾರಿ, ಮುಂದಿನ ಸಭೆ ಎಂದು ಪದ್ಯ ಒಪ್ಪಿಸುವ ಅದೇ ಸ್ಪಷ್ಟತೆಯಿಂದ ವಿವರಿಸಿದ. ನಾನು ತಲೆಯಾಡಿಸುತ್ತಿದ್ದೆ. ಕೊಟ್ರಮ್ಮ ಕೂರಲಿಲ್ಲ. "ಅರ್ಜಿ ಕೊಟ್ಟೀಯೇನಪ್ಪ? ಯಾವತ್ತು ಕೊಟ್ಟಿ? ಯಾರ ಕೈಯಾಗ ಕೊಟ್ಟಿ?" ಎಂದು ಮೂರೇ ಪ್ರಶ್ನೆ ಕೇಳಿದಳು. ತಿಳಿದದ್ದು ಇಷ್ಟು: ಅರ್ಜಿಯೇ ಹೋಗಿರಲಿಲ್ಲ. ಅವನ ಅಂಗಳದಲ್ಲೇ ಕೂತು ನಾನು ಅರ್ಜಿ ಬರೆದೆ. ಅದಾದ ಮೇಲೆ ಒಂದು ವಾರ ಕೊಟ್ರಮ್ಮನ ಅಪ್ಪಣೆಯಂತೆ ನಿತ್ಯ ಪಂಚಾಯ್ತಿ ಆಫೀಸಿನ ಬೆಂಚಿನ ಮೇಲೆ ಪತ್ರಿಕೆ ಹಿಡಿದು ಕೂತೆ. ಮಕ್ಕಳ ಹಾಜರಿ ಕರೆದವನು ನನ್ನದೇ ಹಾಜರಿ ಹಾಕಿಸಿಕೊಳ್ಳುವಂತಾಯಿತು. ಎಂಟನೆಯ ದಿನ ಮೋಟರು ರಿಪೇರಿಯಾಗಿ ಬಂತು.

ಅಲ್ಲಿಂದ ಐದು ವರ್ಷ ನನಗೆ ಬಿಡುವಿಲ್ಲ. ಚರಂಡಿ ಕಟ್ಟಿಕೊಂಡರೆ, ಬೀದಿದೀಪ ಕೆಟ್ಟರೆ ಕೊಟ್ರಮ್ಮ ಬಂದು ಎಬ್ಬಿಸುತ್ತಿದ್ದಳು. ನಾನು ಗೊಣಗುತ್ತ ಹೋಗುತ್ತಿದ್ದೆ. ಹೋಗುತ್ತ ಹೋಗುತ್ತ ಊರ ಓಣಿಗಳು, ಅಲ್ಲಿಯ ಜನ, ಅವರ ನೀರಿನ ಪಾಳಿ ಎಲ್ಲ ನನಗೆ ಪರಿಚಯವಾದವು. ನಾಗರಾಜನೂ ಬರಬರುತ್ತ ನಾವು ಬರುವ ಮೊದಲೇ ಅರ್ಜಿ ಕೊಡುವುದನ್ನು ಕಲಿತ. ನಿವೃತ್ತಿಯಾದ ಮೇಷ್ಟ್ರನ್ನು ಊರು ಸಾಮಾನ್ಯವಾಗಿ ಶಾಲು ಹೊದಿಸಿ ಮರೆತುಬಿಡುತ್ತದೆ. ನನಗೆ ಆ ಗತಿ ಬರಲಿಲ್ಲ, ನನ್ನ ತಪ್ಪೇ ನನಗೆ ಕೆಲಸ ಕೊಟ್ಟಿತು. ಆ ತಪ್ಪನ್ನು ಮನ್ನಿಸಿ ದೂರ ಸರಿಯದೆ, ಕೊಡ ಹಿಡಿದು ಬಂದು ನನ್ನನ್ನು ಎಬ್ಬಿಸಿದ ಆ ತಾಯಿಗೆ ನಾನು ಎಷ್ಟು ಕೃತಜ್ಞನಾಗಿದ್ದರೂ ಕಡಿಮೆಯೇ.

ಬೆಂಬಲದ ಮಾತನ್ನು ಮತದಾರ ಕೇಳಲೇಬಾರದೇ? ಕೇಳಲಿ, ಧಾರಾಳವಾಗಿ ಕೇಳಲಿ. ಕೇಳದೆ ಬದುಕುವುದು ನನ್ನಂಥವನಿಗಂತೂ ಅಸಾಧ್ಯ. ಆದರೆ ಹೇಳಿದವನು ನಾಳೆ ಕೈಗೆ ಸಿಗುತ್ತಾನೆಯೇ ಎಂದು ಮೊದಲು ನೋಡಿಕೊಳ್ಳಲಿ ಎಂಬಲ್ಲಿಗೆ ನನ್ನ ತತ್ತ್ವಜ್ಞಾನ ಬಂದು ನಿಂತಿತ್ತು. ಅದೂ ಸಾಲದೆಂದು ತಿಳಿದದ್ದು ಈ ಸಲದ ಚುನಾವಣೆಯಲ್ಲಿ.

ಅದೃಷ್ಟಕ್ಕೆ ಮೀಸಲಾತಿ ಅಡ್ಡ ಬಾರದೆ ನಾಗರಾಜ, ಅಂಜಿನಮ್ಮ ಇಬ್ಬರೂ ಮತ್ತೆ ನಿಂತರು. ಫೋಟೋ ಕೇಳಲು ಬಂದ ನಾಗರಾಜನಿಗೆ ಚಹಾ ಕೊಟ್ಟು, ನಿನ್ನ ಮುಖವೇ ಸಾಕಪ್ಪ ಎಂದು ಕಳಿಸಿದೆ. ಆದರೆ ಚಪಲ ಬಿಡಬೇಕಲ್ಲ! ಕೊಟ್ರಮ್ಮನಿಂದ ನಾನು ಕಸಿದದ್ದನ್ನು ಹಿಂತಿರುಗಿಸಬೇಕೆಂಬ ಪ್ರಾಯಶ್ಚಿತ್ತದ ಹುಮ್ಮಸ್ಸಿನಲ್ಲಿ, ಹಾಲು ಅಳೆಯುತ್ತಿದ್ದವಳಿಗೆ, "ಈ ಸಲ ಅಂಜಿನಮ್ಮನಿಗೆ ಹಾಕಮ್ಮ" ಎಂದುಬಿಟ್ಟೆ.

ಅವಳು ಅಳೆಯುವುದನ್ನು ನಿಲ್ಲಿಸಿ, "ಯಾಕ್ರಿ ಸಾರ್?" ಎಂದಳು.

ಹಿಂದಿನ ಸಲ ಅವಳು ಕೇಳದೆ ಬಿಟ್ಟ ಪ್ರಶ್ನೆ. ನಾನು ಕಾರಣಗಳನ್ನು ಹುಡುಕಿ ಹುಡುಕಿ ಹೇಳಿದೆ. ಕೆಲವನ್ನು ಒಪ್ಪಿದಳು, ಒಂದನ್ನು "ಅದು ನಿಮಗ ಯಾರೋ ಹೇಳಿದ್ದು, ಖರೇ ಅಲ್ಲ" ಎಂದು ತಳ್ಳಿದಳು, ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳನ್ನು ಇಬ್ಬರ ಬಗ್ಗೆಯೂ ಹೇಳಿದಳು. ಕೊನೆಗೆ "ನೋಡ್ತೀನಿ" ಎಂದು ಎದ್ದಳು.

ಮತದಾನದ ದಿನ ಶಾಲೆಯ ಗೇಟಿನ ಹೊರಗೆ ಬೇವಿನ ನೆರಳಲ್ಲಿ ಸಿಕ್ಕಳು, ಬೆರಳಿಗೆ ಶಾಯಿ ಇನ್ನೂ ಹಸಿಯಾಗಿತ್ತು. ತಡೆಯಲಾರದೆ ಕೇಳಿಯೇಬಿಟ್ಟೆ, ಯಾರಿಗೆ ಹಾಕಿದೆ ಎಂದು.

"ಹೇಳಲ್ರಿ. ಹೇಳಿದ್ರ ಅದನ್ನೂ ನೀವು ನಾನೇ ಹಾಕ್ಸಿದ್ದು ಅಂತೀರಿ" ಎಂದು ನಕ್ಕಳು. "ಈ ಸಲದ್ದು ನನ್ನ ಓಟು. ನಾಳೆ ನೀರು ನಿಂತ್ರ ನಾನೇ ಹೋಗಿ ಕೇಳ್ತೀನಿ, ನೀವು ಆರಾಮಾಗಿ ಮನ್ಯಾಗ ಇರ್ರಿ."

ಸಂತೋಷಪಡಬೇಕಾದ ಮಾತು, ಪಟ್ಟೆ ಕೂಡ. ಆದರೆ ಮನೆಯಲ್ಲಿ ಆರಾಮಾಗಿ ಇರುವುದು ನನಗೆ ಮರೆತೇಹೋಗಿತ್ತು. "ಕೊಟ್ರಮ್ಮ, ನಾನೂ ಜೊತೆಗೆ ಬರಲೇನು?" ಎಂದೆ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬರ್ರಿ" ಎಂದಳು. "ಆದ್ರ ಮಾತು ನಾನಾಡ್ತೀನಿ."