ಹಸೀನಾಳ ಬೇವು, ನಮ್ಮ ಗರಗಸ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಟ್ರಂಕಿನ ತಳದಿಂದ ನನ್ನ ಹಳೆಯ ಖಾಕಿ ಅಂಗಿಯನ್ನು ತೆಗೆದು ಹಿತ್ತಲಲ್ಲಿ ಝಾಡಿಸಿದಳು. ಜೇಬಿನ ಹೊಲಿಗೆಯಿಂದ ಒಂದು ಚಿಟಿಕೆ ಮರದ ಹೊಟ್ಟು ಉದುರಿತು.

"ಎಷ್ಟ್ ಸಲ ಒಗದ್ರೂ ಇದರ ಬೇವಿನ ವಾಸನಿ ಹೋಗವಲ್ದು ನೋಡ್ರಿ" ಎಂದಳು.

ನಾನು ಅಂಗಿಯನ್ನು ಅವಳ ಕೈಯಿಂದ ಕಸಿದುಕೊಂಡು ಮೂಗಿಗೆ ಹಿಡಿದೆ. ಆಗತಾನೆ ಕೊಯ್ದ ಬೇವಿನ ವಾಸನೆ ನಿಮಗೆ ಗೊತ್ತೇ? ಎಲೆಯ ಹಾಗೆ ಬರೀ ಕಹಿ ಇರಬಹುದೆಂದು ನಾನೂ ತಿಳಿದಿದ್ದೆ. ಹಾಗಲ್ಲ. ಜಜ್ಜಿದ ಬೆಳ್ಳುಳ್ಳಿಯ ಘಾಟು ಮೊದಲು ಬರುತ್ತದೆ, ಅದರ ಹಿಂದೆಯೇ ಮೊದಲ ಮಳೆ ಕುಡಿದ ಎರೆಹೊಲದ ತಂಪು. ಎರಡು ವರ್ಷದ ಹಿಂದೆ ಬೇಸಿಗೆಯ ಒಂದು ದಿನವಿಡೀ ನಾನು ಆ ವಾಸನೆಯೊಳಗೇ ಬದುಕಿದ್ದೆ.

ಆಗ ನಾನು ಹೊಸದಾಗಿ ನಿವೃತ್ತನಾಗಿದ್ದೆ. ಬಸ್ ಕಂಡಕ್ಟರನಾಗಿ ನವಲಗುಂದ–ಹುಬ್ಬಳ್ಳಿ ದಾರಿಯನ್ನು ಸವೆಸಿದವನು ನಾನು. ನಿಂತು ಕೆಲಸ ಮಾಡಿದವನಿಗೆ ಕೂತಿರುವುದು ಒಂದು ಶಿಕ್ಷೆ. ಮನೆಯಲ್ಲಿ ಕೂತರೆ ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತೆಂದು ಹೇಳತೊಡಗಿದೆ. ಹೆಂಡತಿ ಎರಡು ದಿನ ಸಹಿಸಿದಳು, ಮೂರನೆಯ ದಿನ, "ಹೊರಗ ಎಲ್ಯರ ಹೋಗಿ ಬರ್ರಿ" ಎಂದಳು. ಹೋಗಲು ಇದ್ದ ಜಾಗ ಬಡಿಗೇರ ಮೌನಪ್ಪನ ಕೆಲಸದ ಶೆಡ್ಡು ಒಂದೇ. ಹೆಸರು ಮೌನಪ್ಪ, ಆದರೆ ಆ ಬಾಯಿ ಒಂದು ಗಳಿಗೆ ಮುಚ್ಚಿದ್ದನ್ನು ಊರಲ್ಲಿ ಯಾರೂ ಕಂಡವರಿಲ್ಲ. ತಾನು ಮಾಡಿದ ಬಾಗಿಲು ಗಾಳಿಗೆ ಬಡಿದರೂ ಸಂಗೀತದ ಹಾಗೆ ಕೇಳುತ್ತದೆ ಎಂದು ಹೇಳಿಕೊಳ್ಳುವ ಮನುಷ್ಯ ಅವನು.

ಒಂದು ಮುಂಜಾನೆ ಹಸೀನಾ ಆ ಶೆಡ್ಡಿಗೆ ಬಂದಳು. ಜಮಖಾನ ನೇಯುವವಳು, ನಮ್ಮ ಓಣಿಯ ಹಿಂದಿನ ಓಣಿಯಲ್ಲಿ ಮನೆ. ಹಿಂದಿನ ವಾರದ ಬಿರುಗಾಳಿಗೆ ಅವಳ ಮನೆ ಮುಂದಿನ ಬೇವಿನ ಮರ ಉರುಳಿತ್ತು. ಅವಳ ತಾಯಿ ನೆಟ್ಟ ಮರ ಅದು. ಮಗ್ಗದ ಕಂಬವೊಂದನ್ನು ಗೆದ್ದಲು ತಿಂದು, ನೇಯ್ದದ್ದೆಲ್ಲ ಸೊಟ್ಟಗಾಗುತ್ತಿದ್ದುದರಿಂದ, ಬಿದ್ದ ಬೇವಿನಲ್ಲೇ ಹೊಸ ಕಂಬ ಮಾಡಿಸಬೇಕೆಂದು ಅವಳ ಆಸೆ. ಬೇವಿಗೆ ಗೆದ್ದಲು ಹತ್ತುವುದಿಲ್ಲವಲ್ಲ. ಆದರೆ ಕಟ್ಟಿಗೆ ಕೊಯ್ಯುವ ಮಿಲ್ಲಿನವರು ದಿಮ್ಮಿಯನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ. ರಸ್ತೆ ಪಕ್ಕದ ಮರ. ಯಾರ್ಯಾರೋ ಬೋರ್ಡು ಬಡಿದ ಮೊಳೆಗಳನ್ನು ಅದು ನುಂಗಿಕೊಂಡು ಬೆಳೆದಿತ್ತು. ಓಡುವ ಮಷಿನ್ನಿನ ಅಲಗಿಗೆ ಒಂದು ಮೊಳೆ ತಗುಲಿದರೂ ಅಲಗು ಚೂರು.

"ಇಟ್ಟಂಗಿ ಭಟ್ಟಿಯವ್ರು ಬಂದು ಕೇಳ್ಯಾರ. ಒಲಿಗೆ ಹಾಕ್ತಾರಂತ" ಎಂದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

ಮೌನಪ್ಪ ಹಲಗೆ ಹೆರೆಯುತ್ತಿದ್ದ ರಂದಾ ಕೆಳಗಿಟ್ಟ. "ಮಷಿನ್ನಿಗೆ ಕಣ್ಣಿಲ್ಲವ್ವಾ, ಕೈಗೆ ಐತಿ. ನಮ್ಮಪ್ಪ ಇಂಥಾ ದಿಮ್ಮಿ ಕೈಲೇ ಕೊಯ್ತಿದ್ದ. ಕಟಗಿ ಚೌಕಟ್ಟಿನ ಗರಗಸ, ಮ್ಯಾಲ ಒಬ್ರು, ಕೆಳಗ ಒಬ್ರು. ಆದ್ರ ಈಗ ಆ ಗರಗಸ ಇಲ್ಲ, ಎಳಿಯಾವ್ರೂ ಇಲ್ಲ."

"ಗರಗಸ ಮಾಡಾಕ ಬರ್ತೈತೇನು ನಿನಗ?" ಎಂದು ನಾನು ಬಾಯಿ ಹಾಕಿದೆ.

"ನನಗ ಬರ್ತೈತಿ. ನೀವು ಮಾಡ್ತೀರೇನು? ಮಾಡಿದವ್ರಿಗೇ ಅದರ ಮರ್ಮ ತಿಳಿಯೂದು. ಬರ್ರಿ, ಐತ್ವಾರ ಐತ್ವಾರ ಕಲಿಸ್ತೀನಿ."

ಹೀಗೆ ಭಾನುವಾರಗಳಂದು ಆ ಶೆಡ್ಡು ನಮ್ಮ ಪಾಠಶಾಲೆಯಾಯಿತು. ಹಸೀನಾ ಬಂದಳು. ಅಡಿಗೆಮನೆಗೆ ತಾವೇ ಒಂದು ಹಲಗೆ ಹೊಡೆದುಕೊಳ್ಳಬೇಕೆಂದು ಬಹಳ ದಿನದಿಂದ ಹಟ ಹಿಡಿದಿದ್ದ ನಮ್ಮೂರ ಲೈಬ್ರರಿ ಮೇಡಂ ಬಂದರು. ಮೂರನೆಯವನು ನಾನು. ಟಿಕೆಟ್ ಹರಿಯುವುದು, ಸೀಟಿ ಊದುವುದು, ಇವೆರಡು ಬಿಟ್ಟರೆ ನನ್ನ ಕೈಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

ಮೊದಲು ಒಬ್ಬೊಬ್ಬರೂ ಒಂದು ಸಣ್ಣ ಗರಗಸ ಮಾಡಬೇಕೆಂದು ಮೌನಪ್ಪನ ಅಪ್ಪಣೆ. ನೋಡಲು ಸರಳ. ಎರಡು ತೋಳು, ನಡುವೆ ಒಂದು ಅಡ್ಡಪಟ್ಟಿ. ತೋಳುಗಳ ಒಂದು ತುದಿಗೆ ಹಲ್ಲಿನ ಅಲಗು, ಇನ್ನೊಂದು ತುದಿಗೆ ಹಗ್ಗ. ಹಗ್ಗದ ನಡುವೆ ಒಂದು ಕಡ್ಡಿ ತೂರಿಸಿ ಹುರಿ ಹಾಕುತ್ತ ಹೋದರೆ ಆ ತುದಿಗಳು ಒಳಗೆ ಬಾಗಿ, ಈ ಬದಿಯ ಅಲಗು ಬಿಗಿಯುತ್ತದೆ. ಅಷ್ಟೇ. ಆ "ಅಷ್ಟೇ"ಗೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. ಉಳಿ ಹಿಡಿದು ಚೌಕ ತೂತು ಕೊರೆದರೆ ಅದು ಅವರೇಕಾಳಿನ ಆಕಾರಕ್ಕೆ ಬರುತ್ತಿತ್ತು. ಮೇಡಮ್ಮರ ತೂತು ಅಚ್ಚು ಹೊಡೆದ ಹಾಗಿತ್ತು. ನನ್ನದನ್ನು ಅವರು ಪಕ್ಕಕ್ಕಿಟ್ಟು ನೋಡಿ, ಪಾಪ, ಮೆಲ್ಲಗೆ ಮಗುಚಿ ಇಟ್ಟರು.

ಕೊನೆಗೆ ನನ್ನದೂ ಜೋಡಣೆಯಾಯಿತು. ಖುಷಿಗೆ ನಾನು ಕಡ್ಡಿಯನ್ನು ತಿರುವಿದೆ, ತಿರುವಿದೆ, ಇನ್ನೂ ತಿರುವಿದೆ. ಲಟಕ್ಕೆಂದು ತೋಳು ಸೀಳಿತು.

ಮೌನಪ್ಪ ಬಿದ್ದು ಬಿದ್ದು ನಕ್ಕ. "ಬಸ್ಸಿನ್ಯಾಗ ಮಂದಿ ತುರುಕಿದಂಗ ತುರುಕಬ್ಯಾಡ್ರಿ ಕಂಡಕ್ಟರ್ ಸಾಹೇಬ್ರ! ಕಟಗಿಗೂ ಉಸಿರು ಬೇಕು."

ಮತ್ತೊಂದು ತೋಳು ಮಾಡಿದೆ. ಈ ಸಲ ಅರ್ಧರ್ಧ ಸುತ್ತು ತಿರುವಿ, ಅಲಗನ್ನು ಬೆರಳಿನಿಂದ ಮೀಟಿ ಕೇಳಿದೆ. ಮೊದಲು ತಗಡಿನ ಸದ್ದು. ಇನ್ನಷ್ಟು ತಿರುವಿ ಮೀಟಿದರೆ, 'ಣಂಯ್' ಎಂದು ತಂಬೂರಿಯ ದನಿ! ನಾನು ಸಣ್ಣ ಹುಡುಗನ ಹಾಗೆ ಕೂಗಿಬಿಟ್ಟೆ. ಒಂದು ಜಾಲಿ ತುಂಡಿನ ಮೇಲೆ ಇಟ್ಟು ಎಳೆದೆ. ಕೊಯ್ಯಿತು! ನನ್ನ ಕೈ ಕಟ್ಟಿದ ವಸ್ತು ಇನ್ನೊಂದು ವಸ್ತುವನ್ನು ಎರಡು ಮಾಡಿತು. ಅಂದು ಮನೆಗೆ ಹೋಗಿ ಕೊಡೆಯ ಹಿಡಿಕೆ, ಕಸಬರಿಗೆಯ ಕೋಲು ಎಲ್ಲದರ ತುದಿ ಒಂದಿಷ್ಟು ಕೊಯ್ದು, ಬೈಸಿಕೊಂಡೆ.

ಆಮೇಲೆ ಎಲ್ಲರೂ ಸೇರಿ ದೊಡ್ಡದನ್ನು ಕಟ್ಟಿದೆವು. ಅಲಗಿಗೆ ಮಿಲ್ಲಿನವರು ಎಸೆದಿದ್ದ ಪಟ್ಟಿಯ ಒಂದು ತುಂಡು ಸಿಕ್ಕಿತು, ಮೌನಪ್ಪ ಅದಕ್ಕೆ ಅರ ಹಾಕಿ ಹೊಸ ಹಲ್ಲು ತೆಗೆದ. ಕಷ್ಟವಾದದ್ದು ಹಗ್ಗದ್ದು. ಪ್ಲಾಸ್ಟಿಕ್ ಹಗ್ಗ ಎಷ್ಟು ಬಿಗಿದರೂ ರಬ್ಬರಿನ ಹಾಗೆ ಹಿಗ್ಗಿ, ಅಲಗು ಸಡಿಲಾಗುತ್ತಿತ್ತು. ಮೌನಪ್ಪ ತಲೆ ಕೆರೆದುಕೊಳ್ಳುತ್ತಿರುವಾಗ ಹಸೀನಾ ಎದ್ದು ಮನೆಗೆ ಹೋಗಿ ಜಮಖಾನದ ಹತ್ತಿ ನೂಲಿನ ಲಡಿ ತಂದಳು. ಎಳೆಗೆ ಎಳೆ ಸೇರಿಸಿ ಹೊಸೆದು ಹಗ್ಗ ಮಾಡಿದಳು.

"ಇದರ ಮ್ಯಾಲ ಆನಿ ನಿಲ್ಲಸ್ರಿ" ಎಂದಳು.

ಬಿಗಿದೆವು. ಅಲಗು ಹಾಡಿತು.

ಭಟ್ಟಿಯವರ ಟ್ರ್ಯಾಕ್ಟರ್ ಮರುದಿನ ಬರುವುದಿತ್ತು. ಹಸೀನಾಳ ಗಂಡ ಬಾಬು, "ಇವತ್ತು ಆಗ್ಲಿಲ್ಲಂದ್ರ ಕೊಟ್ಟುಬಿಡೂಣು, ರಸ್ತಾದಾಗ ಎಷ್ಟ್ ದಿನ ಇಡೂದು" ಎಂದು ಅವಳಿಂದ ಮಾತು ತೆಗೆದುಕೊಂಡಿದ್ದ. ದಿಮ್ಮಿಯ ಒಂದು ತುದಿಯನ್ನು ಬಡಿಗರು ಕುದುರೆ ಎನ್ನುವ ನಾಲ್ಕು ಕಾಲಿನ ಕಟ್ಟಿಗೆಯ ಆಸರೆಯ ಮೇಲೆ ಎತ್ತರಿಸಿ ಕಟ್ಟಿದೆವು. ತನ್ನ ಮರ, ಕೊಯ್ಯುವ ಗೆರೆಯನ್ನು ತಾನೇ ನೋಡಿಕೊಳ್ಳುವುದಾಗಿ ಹೇಳಿ ಹಸೀನಾ ಸೆರಗು ಬಿಗಿದು ದಿಮ್ಮಿಯ ಮೇಲೆ ಹತ್ತಿ ನಿಂತಳು. ಕೆಳಗೆ ನಾನು. ಓಣಿಗೆ ಓಣಿಯೇ ನೆರೆಯಿತು.

"ಕೆಳಗಿನವ್ರು ಎಳೀರಿ, ಮ್ಯಾಲಿನವ್ರು ಎತ್ರಿ. ಯಾರೂ ನೂಕಬ್ಯಾಡ್ರಿ!" ಎಂದು ಮೌನಪ್ಪ ಸುತ್ತ ಕುಣಿಯುತ್ತಿದ್ದ.

ಮೊದಮೊದಲು ನಾನು ಎಳೆಯುವಾಗಲೇ ಅವಳು ಎತ್ತುತ್ತಿದ್ದಳು, ಅವಳು ಎತ್ತುವಾಗಲೇ ನಾನು ಎಳೆಯುತ್ತಿದ್ದೆ. ಅಲಗು ಬಳುಕಿ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಯಾವಾಗಲೋ, ಹೇಗೋ, ಎರಡು ಉಸಿರೂ ಒಂದು ತಾಳಕ್ಕೆ ಬಂದವು. ಸರ್ರ್, ಸರ್ರ್. ಹೊಟ್ಟು ನನ್ನ ತಲೆ, ಹುಬ್ಬು, ಕಾಲರಿನ ಮೇಲೆ ಸುರಿಯಿತು. ತೋಳು ನೋಯುತ್ತಿತ್ತು, ಆದರೆ ನಿಲ್ಲಿಸಲು ಮನಸ್ಸಿರಲಿಲ್ಲ. ಸೀಟಿ ಇದ್ದಿದ್ದರೆ ಊದಿಬಿಡುತ್ತಿದ್ದೆ.

ದಿಮ್ಮಿಯ ಅರ್ಧ ದಾಟಿದಾಗ ಸದ್ದು ಬದಲಾಯಿತು. ಕೀರ್ ಎಂದು ನಮ್ಮ ಹಲ್ಲು ಜುಂ ಎನ್ನುವ ಸದ್ದು.

"ತಡೀರಿ!"

ಮೌನಪ್ಪ ಮರಕ್ಕೆ ಕಿವಿ ಹಚ್ಚಿದ. ಅವನ ಬಾಯಿ ಆಗ ಮುಚ್ಚಿತ್ತು, ನಾನು ಕಣ್ಣಾರೆ ಕಂಡೆ. ಉಳಿ ತೆಗೆದುಕೊಂಡು ಮೆಲ್ಲಗೆ ಕೆತ್ತುತ್ತ ಹೋದ. ಒಳಗೆ ಕಬ್ಬಿಣ ಕಂಡಿತು. ಮೊಳೆಯಲ್ಲ, ಹೆಬ್ಬೆರಳು ಗಾತ್ರದ ಒಂದು ಕೊಂಡಿ. ಇಕ್ಕಳದಿಂದ ಜಗ್ಗಿ ತೆಗೆದು ಅಂಗೈಯಲ್ಲಿಟ್ಟುಕೊಂಡ.

ಹಸೀನಾ ಮೇಲಿನಿಂದ ಬಗ್ಗಿ ನೋಡಿದಳು. ನೋಡಿದವಳೇ ದಿಮ್ಮಿಯ ಮೇಲೆ ಹಾಗೇ ಕೂತುಬಿಟ್ಟಳು.

"ಅವ್ವನ ಜೋಲಿ ಕೊಂಡಿ, ಕಾಕಾ. ಈ ಕಡಿ ಗಿಡ, ಆ ಕಡಿ ಕಿಡಕಿ. ನಡು ಜೋಲಿ ಕಟ್ಟಿ ನನ್ನ ತೂಗ್ತಿದ್ಲಂತ. ಮುಂದ ಕೊಂಡಿ ಕಾಣಲಾರದಂಗಾತು, ಗಿಡ ನುಂಗೈತಿ ಅಂತಿದ್ಲು. ನಾವು ಸಣ್ಣವ್ರಿದ್ದಾಗ ಅಕ್ಕ-ತಂಗೇರು ತೊಗಟಿ ಮುಟ್ಟಿ ಮುಟ್ಟಿ ಹುಡುಕ್ತಿದ್ವಿ."

ಬಾಬು ಬಂದು ಕೊಂಡಿ ತೆಗೆದುಕೊಂಡು, ಅಂಗಿಯ ತುದಿಯಿಂದ ಒರೆಸಿ ಅವಳ ಕೈಗೆ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಸರೀರಿ ಕಾಕಾ, ಸ್ವಲ್ಪ ನಾ ಎಳೀತೀನಿ" ಎಂದ.

ಮೌನಪ್ಪ ಮುರಿದ ಹಲ್ಲುಗಳಿಗೆ ಮತ್ತೆ ಅರ ಹಾಕಿದ. ಕೆಳಗೆ ಗಂಡ, ಮೇಲೆ ಹೆಂಡತಿ. ಇಳಿಹೊತ್ತಿಗೆ ದಿಮ್ಮಿ ಉದ್ದಕ್ಕೂ ಬಿಚ್ಚಿಕೊಂಡು ಎರಡು ಹೋಳಾಗಿ ಮಲಗಿತು. ಒಳಗಿನ ಬಣ್ಣ ನೋಡಬೇಕಿತ್ತು ನೀವು! ಕೆಂಪು ಜೋಳದ ರೊಟ್ಟಿಯ ಬಣ್ಣ, ಅದರಲ್ಲಿ ನೀರಿನ ಅಲೆಯಂಥ ಗೆರೆಗಳು. ಯಾರೂ ಎಂದೂ ನೋಡದಿದ್ದ ಮುಖ ಅದು, ಮೊದಲು ನೋಡಿದವರು ನಾವು. ಓಣಿಯ ಹೆಂಗಸರೆಲ್ಲ ಬಂದು ಅದರ ಮೇಲೆ ಅಂಗೈ ಇಟ್ಟು ಹೋದರು. ಟ್ರ್ಯಾಕ್ಟರ್ ಮರುದಿನ ಬಂದು ಕೊಂಬೆಗಳನ್ನಷ್ಟೇ ಹೇರಿಕೊಂಡು ಹೋಯಿತು.

ಕಂಬ ಒಣಗಲು ಒಂದು ವರ್ಷ ಹಿಡಿಯಿತು. ಈಗ ಮಗ್ಗ ನೆಟ್ಟಗೆ ನಿಂತಿದೆ.

ಅಂಗಿಯನ್ನು ಮೂಗಿಗೆ ಹಿಡಿದು ಇಷ್ಟೆಲ್ಲ ನೆನೆಯುತ್ತ ನಿಂತವನನ್ನು ಹೆಂಡತಿ ಎಚ್ಚರಿಸಿದಳು. "ಹಾಕ್ಕೊಳ್ರಿ ಲಗೂನ, ಬಸ್ ತಪ್ಪತೈತಿ." ಹೌದಲ್ಲ! ನಮ್ಮ ಗರಗಸದ ಸುದ್ದಿ ಕೇಳಿ ಕಲಘಟಗಿ ಕಡೆಯ ದುಮ್ಮವಾಡದಿಂದ ಒಬ್ಬ ಮಾಸ್ತರರು ಫೋನ್ ಮಾಡಿದ್ದರು. ಅವರ ಶಾಲೆಯ ಅಂಗಳದಲ್ಲಿ ಗಂಟೆ ತೂಗುಹಾಕುತ್ತಿದ್ದ ಮಾವಿನ ಮರ ಬಿದ್ದಿದೆಯಂತೆ, ಮಿಲ್ಲಿನವರು ಒಲ್ಲೆ ಎಂದಿದ್ದಾರಂತೆ. ಗರಗಸವನ್ನು ಬಿಚ್ಚಿ ಚೀಲದಲ್ಲಿ ಕಟ್ಟಿದ್ದೇನೆ. ಹೆಂಡತಿ ಕೂಡ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ, ಈ ಸಲ ದಿಮ್ಮಿಯ ಮೇಲೆ ತಾನು ನಿಲ್ಲುತ್ತಾಳಂತೆ. ಆ ಮಾವು ಒಳಗೆ ಹೇಗಿದೆಯೋ, ಯಾರಿಗೂ ಗೊತ್ತಿಲ್ಲ. ಸಂಜೆಯೊಳಗೆ ನಮಗೆ ಗೊತ್ತಿರುತ್ತದೆ.